ಇಲ್ಲದ ನಲವತ್ತು ಮಂದಿ

ಬೈತಖೋಲದ ಡೀಸೆಲ್ ಟೋಕನ್ ಆಫೀಸಿನಲ್ಲಿ
ಮೇಜಿಗೊಂದು ಪರದೆ, ಪರದೆಗೊಂದು ಅಂಗೈಯಗಲದ ಡಬ್ಬಿ.
ಡಬ್ಬಿಯೊಳಗೆ ಏನೂ ಇಲ್ಲ.
ಇರುವುದೆಲ್ಲ ಮೇಲಿನ ಕೋಣೆಯಲ್ಲಿ, ಬೀಗದೊಳಗೆ,
ಎಸಿಯ ಥಂಡಿಯಲ್ಲಿ ಗುಂಯ್‌ಗುಡುವ ಒಂದೇ ಸರ್ವರಿನಲ್ಲಿ.
ಅದು ಬೆಳಿಗ್ಗೆ ಹನ್ನೊಂದು ಕಂಪ್ಯೂಟರಿನ ವೇಷ ಹಾಕುತ್ತದೆ,
ಸಂಜೆ ಒಂದೊಂದೇ ಕಳಚಿಡುತ್ತದೆ.

ಕಳೆದ ವರ್ಷದಿಂದ ದೂರು ಒಂದೇ:
ಒಂಬತ್ತೂ ನಲವತ್ತಕ್ಕೆ ಎಲ್ಲ ನಿಲ್ಲುತ್ತದೆ.
ನಿಲ್ಲುವುದೆಂದರೆ ಸಾಯುವುದಲ್ಲ.
ಗಜಾನನ ಕೊಠಾರಕರರು 'ಮ' ಒತ್ತುತ್ತಾರೆ,
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ ಮೇಲೆ
ಪರದೆಯಲ್ಲಿ 'ಮ' ಬರುತ್ತದೆ.
ಕಿಟಕಿಯಾಚೆ ಸಾಲು. ತಂಡೇಲರ ಬಾಯಿಂದ ಬರುವುದಕ್ಕೆ ಮಾತ್ರ
ಯಾವ ವಿಳಂಬವೂ ಇಲ್ಲ.

ಹುಬ್ಬಳ್ಳಿಯ ಕಂಪನಿ ನನ್ನನ್ನು ಕಳಿಸಿತು.
ಕಲಿತದ್ದನ್ನೇ ಮಾಡಿದೆ:
ಮೆಮರಿ ನೋಡಿದೆ, ಡಿಸ್ಕಿನ ಉಸಿರು ಎಣಿಸಿದೆ,
ಆಂಟಿವೈರಸ್ಸನ್ನು ನಸುಕಿನ ಪಾಳಿಗೆ ದೂಡಿದೆ.
ರಾತ್ರಿ, ಎಲ್ಲರೂ ಹೋದ ಮೇಲೆ,
ನಲವತ್ತು ಮಂದಿಯನ್ನು ಹುಟ್ಟಿಸಿದೆ.

ಇಲ್ಲದವರು. ಸ್ಕ್ರಿಪ್ಟಿನಲ್ಲಿ ಮಾತ್ರ ಇರುವವರು.
ಹೆಸರು ಬೇಕಿತ್ತು, ಜೆಟ್ಟಿಯ ಬೋಟುಗಳದನ್ನೇ ಇಟ್ಟೆ:
ಜಲಗಂಗಾ, ಸೇಂಟ್ ಆ್ಯಂಟನಿ, ಮದೀನಾ, ಮಹಾಸತಿ ಒಂದು, ಎರಡು,
ಬೋಟು ಮುಗಿದ ಮೇಲೆ ಮೂರು, ನಾಲ್ಕು.
ಒಟ್ಟಿಗೆ ಒಳಬಂದರು, ಒಟ್ಟಿಗೆ ಬೆರಳಾಡಿಸಿದರು,
ಒಬ್ಬೊಬ್ಬರೂ ಇನ್ನೂರು ಟೋಕನ್ ಬರೆದರು.
ಸರ್ವರು ಬೆವರಲಿಲ್ಲ.
ಗ್ರಾಫು ಇಳಿತದ ಹೊತ್ತಿನ ಮರಳು, ಒಂದು ಗೆರೆ ಏಳಲಿಲ್ಲ.
'ಪಾಸ್' ಎಂದು ಮೇಲ್ ಕಳಿಸಿದೆ.
ಬೆಳಿಗ್ಗೆ ಒಂಬತ್ತೂ ನಲವತ್ತೊಂದಕ್ಕೆ
ಗಜಾನನರು ಕನ್ನಡಕ ತೆಗೆದರು.

ಆರು ರಾತ್ರಿ. ಆರು ಪಾಸ್.
ಅರವತ್ತು ಮಾಡಿದೆ, ಎಂಬತ್ತು ಮಾಡಿದೆ.
ನನ್ನ ಮಂದಿ ತುಂಬ ಒಳ್ಳೆಯವರು.
ಎಂಟರ್ ಅನ್ನು ಯಾರೂ ಐದು ಸಲ ಕುಟ್ಟಲಿಲ್ಲ.

ಹಳೆಯ ದೂರುಗಳ ಪಟ್ಟಿ ತೆಗೆದೆ.
ಜೂನ್, ಜುಲೈ: ಒಂದೂ ಇಲ್ಲ.
"ಆಗ ಬೋಟು ಬಂದ್ ಅಲ್ಲವಾ, ಜನ ಕಡಿಮೆ" ಅಂದರು.
'ಜನ ಕಡಿಮೆ' ಅಂತ ನಾನೂ ಬರೆದುಕೊಂಡೆ.

ಚಹಾ ತರುವ ಶೆವಂತಾಬಾಯಿ ಮೇಜಿಗೆ ಗ್ಲಾಸಿಟ್ಟು
"ಪಳೆ" ಅಂದಳು.
ಚಹಾದ ಮೇಲೆ ಸಣ್ಣ ಸಣ್ಣ ಉಂಗುರ.
"ಪಕ್ಕದ ಐಸ್ ಫ್ಯಾಕ್ಟರಿ. ದೊಡ್ಡ ಮೋಟರು ಎದ್ದರೆ
ನನ್ನ ಚಹಾ ನಡುಗುತ್ತದೆ, ನಿಮ್ಮ ಮಷೀನು ಮಲಗುತ್ತದೆ.
ಬೋಟು ಬಂದ್ ಇದ್ದರೆ ಐಸು ಯಾರಿಗೆ?"
ಇಷ್ಟು ದಿನ ಹೇಳಲಿಲ್ಲವೇಕೆ ಎಂದರೆ,
ದೂರು ದಾಖಲಿಸುವ ಪಾಸ್‌ವರ್ಡು ಅವಳಿಗಿಲ್ಲ.

ಏಣಿ ತಂದೆವು. ಹಿಂಗೋಡೆಯ ಮೇಲೆ
ಫ್ಯಾಕ್ಟರಿಯ ತ್ರೀ-ಫೇಸ್ ಕೇಬಲ್ಲು, ಮಣಿಕಟ್ಟಿನಷ್ಟು ದಪ್ಪ;
ಅದೇ ಕ್ಲಿಪ್ಪಿನಲ್ಲಿ ಅದಕ್ಕಂಟಿಕೊಂಡು
ಸರ್ವರಿನ ಮಾತೆಲ್ಲ ಹರಿಯುವ ನಮ್ಮ ನೀಲಿ ದಾರ.
ಎಳೆದವನಿಗೆ ಒಂದು ಡಜನ್ ಕ್ಲಿಪ್ಪು ಉಳಿದಿರಬೇಕು.
ಮೋಟರು ಎದ್ದಾಗ ಮಾತು ಚೂರಾಗುತ್ತಿತ್ತು.
ಡಬ್ಬಿ ಪಾಪ, ಕಿವಿ ಮಂದವಾದವರ ಹಾಗೆ
"ಏನು? ಇನ್ನೊಮ್ಮೆ ಹೇಳು" ಎನ್ನುತ್ತಿತ್ತು.
ಎಷ್ಟು ಸಲ ಎಂಬ ಲೆಕ್ಕವೂ ಇತ್ತು,
ಸ್ವಿಚ್ಚಿನೊಳಗೆ, ನಾನು ತೆರೆಯದ ಪುಟದಲ್ಲಿ.

ಎರಡು ಮೊಳ ಆಚೆ ಹೊಸ ಕೇಬಲ್ಲು ಎಳೆದೆವು.
ಮರುದಿನ ಒಂಬತ್ತೂ ನಲವತ್ತಕ್ಕೆ ಚಹಾ ನಡುಗಿತು.
'ಮ' ಒತ್ತಿದರು. 'ಮ' ಬಂತು.
ಗಜಾನನರ ಕೈ ರೂಢಿಯಂತೆ ಕನ್ನಡಕದವರೆಗೆ ಹೋಗಿ,
ಏನು ಮಾಡುವುದೋ ತಿಳಿಯದೆ, ಮೂಗು ತುರಿಸಿತು.

ಆ ಮಂದಿಯನ್ನೆಲ್ಲ ಅಳಿಸಿ ಬಸ್ ಹತ್ತಿದೆ.
ಅಂಕೋಲಾ ದಾಟಿದ ಮೇಲೆ ಫೋನು:
ಪ್ರಿಂಟರಿನಿಂದ ತಾನಾಗಿ ಒಂದು ಟೋಕನ್ ಬಂದಿದೆಯಂತೆ,
ಇನ್ನೂರು ಲೀಟರು, ಬೋಟು 'ಮಹಾಸತಿ ಮೂರು'.
"ಹರಿಯಲಾ?"
ಹರಿಯಿರಿ ಅಂದೆ. ಕಾಗದ ಹರಿದ ಸದ್ದು ಬರಲಿಲ್ಲ.
ಬಂದದ್ದು ಶೆವಂತಾಬಾಯಿಯ ನಗು,
ಹಿಂದೆಲ್ಲೋ ಮಂಜುಗಡ್ಡೆ ಪುಡಿಯಾಗುವ ಸದ್ದು.
ಅಷ್ಟರಲ್ಲಿ ಅರಬೈಲು ಘಟ್ಟ, ಸಿಗ್ನಲ್ ಹೋಯಿತು.